ರಾಕಿ ಪಾಯಿಂಟ್‌ಗೆ ಹೋಗಬಹುದಾ? ಒಬ್ಬರು ಸ್ವರ್ಗ ಅಂತಾರೆ, ಇನ್ನೊಬ್ಬರು ಬೇಡವೇ ಬೇಡ ಅಂತಾರೆ

ನೀವು ಕೇಳಿರೋದು ಇಷ್ಟು: ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಇದ್ದೀರಿ, ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಐದು ವರ್ಷದ ಮಗಳಿದ್ದಾಳೆ. ರಜೆಗೆ ಮೆಕ್ಸಿಕೊದ ಪ್ವೆರ್ತೊ ಪೆನ್ಯಾಸ್ಕೊಗೆ, ಅಂದರೆ ಇಲ್ಲಿ ಎಲ್ಲರೂ ರಾಕಿ ಪಾಯಿಂಟ್ ಅನ್ನುವ ಊರಿಗೆ, ಹೋಗೋಣ ಅಂದರೆ ಒಬ್ಬ ಗೆಳೆಯರು "ಸ್ವರ್ಗ" ಅಂತಾರೆ, ಇನ್ನೊಬ್ಬರು "ಬರೀ ಕುಡಿತ, ಗಲಾಟೆ, ಧೂಳು" ಅಂತಾರೆ, ಮೂರನೆಯವರು "ಮಗು ಕಟ್ಟಿಕೊಂಡು ಆ ಕಡೆ ತಲೆ ಹಾಕಬೇಡಿ" ಅಂತಾರೆ. ಯಾರ ಮಾತು ಕೇಳೋದು?

ಫೀನಿಕ್ಸ್ ಕಡೆ ವರ್ಷಗಳಿಂದ ಇದ್ದು, ಆ ಊರಿಗೆ ಬೇರೆ ಬೇರೆ ಕಾಲದಲ್ಲಿ ಹೋಗಿ ಬಂದವಳಾಗಿ ಹೇಳ್ತೀನಿ. ಮೂವರೂ ಸುಳ್ಳು ಹೇಳ್ತಿಲ್ಲ. ಒಂದೇ ಊರಿನ ಬೇರೆ ಬೇರೆ ಮೂಲೆಯನ್ನು, ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಆಸೆ ಇಟ್ಟುಕೊಂಡು ನೋಡಿ ಬಂದಿದ್ದಾರೆ, ಅಷ್ಟೇ. ನನ್ನ ಅಭಿಪ್ರಾಯ ಕೇಳಿದರೆ, ಖಂಡಿತ ಹೋಗಿ. ಆದರೆ ಬೀಚಿಗೆ ಅಂತ ಹೋಗಬೇಡಿ, ಮರುಭೂಮಿ ಸಮುದ್ರಕ್ಕೆ ಇಳಿಯುವ ಜಾಗ ನೋಡೋಕೆ ಅಂತ ಹೋಗಿ. ಹೊರಡೋ ಮುಂಚೆ ಮನೆಯವರೆಲ್ಲರ ಪಾಸ್‌ಪೋರ್ಟ್ ತೆಗೆದು ವೀಸಾ ಪುಟ ನೋಡಿ. ನಮ್ಮಂಥವರಿಗೆ ನಿಜವಾದ ತೊಂದರೆ ಬರೋದು ಅಲ್ಲಿಂದ. ಅದನ್ನು ಕೆಳಗೆ ಬಿಡಿಸಿ ಬರೆದಿದ್ದೀನಿ.

ಮೊದಲು ಊರಿನ ವಿಷಯ. ಅರಿಜೋನಾಗೆ ಸಮುದ್ರ ಇಲ್ಲ. ಫೀನಿಕ್ಸ್‌ನಿಂದ ಸಾನ್ ಡಿಯೇಗೊಗೆ ಹೋಗೋದಕ್ಕಿಂತ ಬೇಗ, ಸುಮಾರು ನಾಲ್ಕು ಗಂಟೆಯಲ್ಲಿ, ಗಿಲಾ ಬೆಂಡ್, ಆಹೊ ದಾಟಿ, ಆರ್ಗನ್ ಪೈಪ್ ಕಳ್ಳಿಗಳ ರಾಷ್ಟ್ರೀಯ ಸ್ಮಾರಕದ ಮಧ್ಯದಿಂದ ಲೂಕ್‌ವಿಲ್ ಗಡಿಗೆ ಬಂದು, ಆಚೆ ಸೊನೊಯ್ತಾದಿಂದ ಇನ್ನೊಂದು 100 ಕಿಲೋಮೀಟರ್ ಹೋದರೆ ಕ್ಯಾಲಿಫೋರ್ನಿಯಾ ಕೊಲ್ಲಿಯ ನೀರು ಸಿಗುತ್ತೆ. ಹಾಗಾಗಿ ಉದ್ದ ರಜೆ ಬಂತು ಅಂದರೆ ಅರ್ಧ ಅರಿಜೋನಾ ಅಲ್ಲೇ ಇರುತ್ತೆ. ಸ್ಯಾಂಡಿ ಬೀಚ್ ಕಡೆ ಎತ್ತರದ ಕಾಂಡೊಗಳು, ಈಜುಕೊಳದೊಳಗೇ ಬಾರು, ಮರಳಲ್ಲಿ ಗುಡುಗುಡು ಅನ್ನುವ ನಾಲ್ಕು ಚಕ್ರದ ಬೈಕುಗಳು. ಮಾರ್ಚಿನಲ್ಲಿ ಕಾಲೇಜು ಹುಡುಗರ ರಜೆ ಶುರುವಾದರೆ ರಾತ್ರಿ ನಿದ್ದೆ ಇರಲ್ಲ. "ಕುಡಿತ, ಗಲಾಟೆ" ಅಂದವರು ಬಹುಶಃ ಅಲ್ಲಿ, ಆಗ ಇದ್ದರು. ಅದೇ ಊರಿನ ಪೂರ್ವಕ್ಕೆ ಲಾಸ್ ಕೊಂಚಾಸ್ ಅಂತ ಮನೆಗಳ ಸಾಲು ಇದೆ, ಅಲ್ಲಿ ನವೆಂಬರ್‌ನಲ್ಲಿ ಸಂಜೆ ದಂಡೆ ಮೇಲೆ ಪೆಲಿಕನ್ ಹಕ್ಕಿಗಳೇ ಜನಕ್ಕಿಂತ ಜಾಸ್ತಿ. ಹಳೇ ಬಂದರಿನ ಕಡೆ ಮಾಲೆಕೋನ್ ಅನ್ನುವ ಸಮುದ್ರದಂಡೆಯ ಕಾಲುದಾರಿ, ಮೀನು ಮಾರುಕಟ್ಟೆ, ಸಿಗಡಿ ದೋಣಿಗಳು, ಸಂಸಾರ ಸಮೇತ ಅಡ್ಡಾಡೋಕೆ ಬಂದ ಮೆಕ್ಸಿಕನ್ನರು. ಅಪ್ಪ ಅಮ್ಮನ ಜತೆ ಅಂದಮೇಲೆ ನಾನು ಲಾಸ್ ಕೊಂಚಾಸ್ ಅಥವಾ ಹಳೇ ಊರನ್ನೇ ಆರಿಸಿಕೊಳ್ತೀನಿ.

ಧೂಳಿನ ವಿಷಯವೂ ನಿಜ. ಒಳಗಿನ ಬೀದಿಗಳು ಎಷ್ಟೋ ಕಡೆ ಬರೀ ಮಣ್ಣು. ಮಲ್ಪೆ, ಗೋಕರ್ಣ ನೋಡಿದ ಕಣ್ಣಿಗೆ ತೆಂಗು ಇಲ್ಲ, ಹಸಿರು ಇಲ್ಲ, ಬೋಳು ಬೋಳು ಅನ್ನಿಸುತ್ತೆ. ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳದ ಜಾಗದಲ್ಲಿ ಹಸಿರು ಎಲ್ಲಿಂದ ಬರಬೇಕು. ಮೆಕ್ಸಿಕೊದ ಇನ್ನೊಂದು ತುದಿಯ ಕಾನ್‌ಕುನ್ ಬೀಚುಗಳ ಫೋಟೊ ನೋಡಿ ಇಲ್ಲಿಗೆ ಬಂದವರಿಗೆ ಬೇಜಾರಾಗೋದು ಸಹಜ.

ಈಗ ನನಗೆ ಬಹಳ ಇಷ್ಟವಾದ ಸಂಗತಿ ಹೇಳ್ತೀನಿ, ಅದು ಅಲ್ಲಿನ ಭರತ ಇಳಿತ. ನಮ್ಮ ಕರಾವಳಿಯಲ್ಲಿ ಭರತಕ್ಕೂ ಇಳಿತಕ್ಕೂ ಒಂದೂವರೆ, ಎರಡು ಮೀಟರ್ ವ್ಯತ್ಯಾಸ ಇರಬಹುದು. ಪೆನ್ಯಾಸ್ಕೊದಲ್ಲಿ ದೊಡ್ಡ ದಿನಗಳಲ್ಲಿ ಅದು ಏಳು ಮೀಟರ್ ಹತ್ತಿರ ಹೋಗುತ್ತೆ. ಸಾವಿರ ಕಿಲೋಮೀಟರಿಗೂ ಉದ್ದದ, ಕಿರಿದಾದ ಕೊಲ್ಲಿ ಅದು. ಪೆಸಿಫಿಕ್‌ನಿಂದ ಒಳಗೆ ನುಗ್ಗಿದ ಉಬ್ಬರ ಉತ್ತರದ ತುದಿಗೆ ಬರುವಷ್ಟರಲ್ಲಿ ಎತ್ತರ ಹೆಚ್ಚಿಸಿಕೊಂಡು ಬರುತ್ತೆ. ಬೆಳಗ್ಗೆ ಮೆಟ್ಟಿಲಿಗೆ ಹೊಡೆಯುತ್ತಿದ್ದ ನೀರು ಮಧ್ಯಾಹ್ನ ನೋಡಿದರೆ ಎಲ್ಲೋ ದೂರ ಹೋಗಿರುತ್ತೆ, ನಡುವೆ ಕಪ್ಪು ಬಂಡೆಗಳ ಹಾಸು ಮೇಲೆದ್ದಿರುತ್ತೆ. "ಗಲೀಜು, ಪಾಚಿ, ವಾಸನೆ" ಅಂತ ಮೂಗು ಮುರಿಯೋರು ನೋಡೋದು ಇದನ್ನೇ. ಆ ಹೊತ್ತಿಗೆ ಅಲ್ಲಿ ಕೂತು ನೋಡಬೇಕಿತ್ತು.

ಬಂಡೆಯ ಸಂದಿಗಳಲ್ಲಿ ನಿಂತ ನೀರಿನಲ್ಲಿ ಮೊದಲು ಏನೂ ಕಾಣಲ್ಲ. ನೆರಳು ಬೀಳದ ಹಾಗೆ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ಅಲ್ಲಾಡದೆ ಇದ್ದರೆ, ಖಾಲಿ ಶಂಖ ಅಂದುಕೊಂಡಿದ್ದು ಕಾಲು ಹೊರಗೆ ಹಾಕಿ ನಡೆಯೋಕೆ ಶುರು ಮಾಡುತ್ತೆ. ಅದರೊಳಗೆ ಬಾಡಿಗೆ ಇರೋದು ಸನ್ಯಾಸಿ ಏಡಿ. ಕಲ್ಲಿನ ಅಡಿಯಿಂದ ದಾರದಂಥ ತೋಳುಗಳ ನಕ್ಷತ್ರಮೀನು ಹರಿದು ಹೋಗುತ್ತೆ. ಅದೃಷ್ಟ ಇದ್ದರೆ ಕಲ್ಲಿನ ಬಣ್ಣವೇ ಆಗಿಬಿಟ್ಟ ಪುಟ್ಟ ಆಕ್ಟೋಪಸ್. ಐದು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ನನಗೆ ಗೊತ್ತಿಲ್ಲ. ಕಲ್ಲು ಎತ್ತಿದರೆ ಎತ್ತಿದ ಹಾಗೇ, ಅದೇ ಮಗ್ಗುಲಿಗೆ, ಮೆಲ್ಲಗೆ ಇಡೋಕೆ ಮಗಳಿಗೆ ಹೇಳಿಕೊಡಿ. ಮಗುಚಿ ಬಿಟ್ಟರೆ ಅಡಿಯಲ್ಲಿ ಅಂಟಿಕೊಂಡ ಜೀವಗಳು ಬಿಸಿಲಿಗೆ ಸತ್ತುಹೋಗ್ತವೆ. ಬಂಡೆ ಜಾರುತ್ತೆ, ಎಲ್ಲರಿಗೂ ಹಳೇ ಶೂ ಬೇಕು.

ಯಾವ ದಿನ ಹೋಗಬೇಕು ಅಂತ ತಿಳಿಯೋಕೆ ಅಮ್ಮನ ಪಂಚಾಂಗವೇ ಸಾಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಇಳಿತ ದೊಡ್ಡದು. ಸಪ್ತಮಿ, ಅಷ್ಟಮಿ ಹೊತ್ತಿಗೆ ಚಿಕ್ಕದು, ಆಗ ಈಜೋರಿಗೆ ಅನುಕೂಲ. ಗಂಟೆ ನಿಮಿಷಕ್ಕೆ ಆನ್‌ಲೈನ್‌ನಲ್ಲಿ ಭರತ ಇಳಿತದ ಪಟ್ಟಿ ಸಿಗುತ್ತೆ. ಒಂದು ಎಚ್ಚರಿಕೆ: ನೀರು ಇಳಿದ ಹಾಗೇ ವಾಪಸ್ ಏರುತ್ತೆ, ಮಗುವನ್ನು ಕರೆದುಕೊಂಡು ಬಂಡೆಗಳ ಕೊನೆವರೆಗೆ ಹೋಗಿ ಮೈಮರೆಯಬೇಡಿ. ಮರಳಿನ ನೀರಿಗೆ ಇಳಿಯುವಾಗ ಕಾಲು ಎತ್ತಿ ಇಡದೆ ಎಳೆದುಕೊಂಡು ನಡೆಯಿರಿ. ಮರಳಲ್ಲಿ ಹುದುಗಿರುವ ತೊರಕೆ ಮೀನು ಸದ್ದಿಗೆ ಸರಿದು ಹೋಗುತ್ತೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತೆ. ಬೇಸಿಗೆಯಲ್ಲಿ ಲೋಳೆಮೀನಿನ ಕಾಟವೂ ಇದೆ.

ಅಲ್ಲೇ ಸೆಡೊ ಅಂತ ಒಂದು ಸಂಸ್ಥೆ 1980ರಿಂದ ಈ ಮರುಭೂಮಿ ಮತ್ತು ಸಮುದ್ರವನ್ನು ಅಧ್ಯಯನ ಮಾಡ್ತಾ ಇದೆ. ಅಂಗಳದಲ್ಲಿ ಒಂದು ದೊಡ್ಡ ತಿಮಿಂಗಿಲದ ಅಸ್ಥಿಪಂಜರ ಇದೆ, ಮಗಳು ಅದನ್ನು ಸುತ್ತು ಹಾಕಿ ನೋಡ್ತಾಳೆ. ಈ ಕೊಲ್ಲಿಯ ಉತ್ತರ ತುದಿಯಲ್ಲಿ ಮಾತ್ರ ಇರುವ ವಕೀಟಾ ಅನ್ನುವ, ಡಾಲ್ಫಿನ್ ಥರದ ಪುಟ್ಟ ಕಡಲಹಂದಿ, ಆ ಜಾತಿಗಳಲ್ಲೇ ಜಗತ್ತಿನ ಅತಿ ಚಿಕ್ಕದು, ಇವತ್ತು ಅಳಿವಿನ ಅಂಚಿನಲ್ಲಿದೆ. ತೊತೊವಾಬಾ ಮೀನಿನ ಗಾಳಿಚೀಲಕ್ಕೆ ಚೀನಾದಲ್ಲಿ ಬೆಲೆ ಜಾಸ್ತಿ, ಅದಕ್ಕೆ ಕದ್ದು ಹಾಕುವ ಬಲೆಗಳಲ್ಲಿ ಸಿಕ್ಕಿ ಇವು ಉಸಿರುಗಟ್ಟಿ ಸಾಯ್ತವೆ. ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬಾ ತಾಕಿದ್ದು. ಇದೇ ಕೊಲ್ಲಿಗೆ ಕೊಲೊರಾಡೊ ನದಿ ಬಂದು ಸೇರುತ್ತಿತ್ತು. ಈಗ ಸಾಮಾನ್ಯವಾಗಿ ಅದು ಸಮುದ್ರ ಮುಟ್ಟೋದೇ ಇಲ್ಲ. ಆ ನದಿಯ ನೀರು ಕಾಲುವೆ ಹಿಡಿದು ಫೀನಿಕ್ಸ್ ಸುತ್ತಿನ ನಮ್ಮ ನಲ್ಲಿಗಳಿಗೂ ಬರುತ್ತೆ. ಪೆನ್ಯಾಸ್ಕೊ ಪರದೇಶ ಅಂತ ನನಗೆ ಅನ್ನಿಸದೆ ಇರೋದಕ್ಕೆ ಇದೂ ಒಂದು ಕಾರಣ.

ಚಳಿಗಾಲದಲ್ಲಿ ಹೋದರೆ ಅರ್ಧ ದಿನ ಪಿನಾಕಾತೆಗೆ ಇಡಿ. ಸೊನೊಯ್ತಾದಿಂದ ಬರುವ ರಸ್ತೆಯ ಪಶ್ಚಿಮಕ್ಕೆ ಹರಡಿರುವ 7 ಲಕ್ಷ ಹೆಕ್ಟೇರಿಗೂ ಹೆಚ್ಚಿನ ಲಾವಾ ಮತ್ತು ಮರಳಿನ ನಾಡು ಅದು, 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಎಲ್ ಎಲೆಗಾಂತೆ ಅನ್ನುವ ಕುಳಿಯ ಅಗಲ ಸುಮಾರು 1.6 ಕಿಲೋಮೀಟರ್, ಆಳ 240 ಮೀಟರ್ ಆಸುಪಾಸು. ಚಂದ್ರನಿಗೆ ಹೋಗುವವರಿಗೆ ನಾಸಾ 1960ರ ದಶಕದಲ್ಲಿ ಇಲ್ಲಿ ತರಬೇತಿ ಕೊಟ್ಟಿತ್ತು. ಈ ಮರುಭೂಮಿಯ ಮೂಲನಿವಾಸಿಗಳಾದ ಓಧಮ್ ಜನಕ್ಕೆ ಇದು ಪವಿತ್ರ ಭೂಮಿ. ಉಪ್ಪು ತರೋಕೆ ಅವರ ಹಿರಿಯರು ಈ ಮರುಭೂಮಿ ದಾಟಿ ಸಮುದ್ರಕ್ಕೆ ನಡೆದುಕೊಂಡು ಬರುತ್ತಿದ್ದರು. ಬೇಸಿಗೆಯಲ್ಲಿ ಮಾತ್ರ ಆ ಕಡೆ ಬೇಡ, ವಯಸ್ಸಾದವರಿಗೆ ಆ ಬಿಸಿಲು ಆಗಿಬರಲ್ಲ.

ಭಯದ ಮಾತಿಗೆ ಬರೋಣ. ಪೆನ್ಯಾಸ್ಕೊ ಇರುವ ಸೊನೊರಾ ರಾಜ್ಯದ ಬಗ್ಗೆ ಅಮೆರಿಕ ಸರ್ಕಾರ ವರ್ಷಗಳಿಂದ ಎಚ್ಚರಿಕೆ ಕೊಡ್ತಾ ಬಂದಿದೆ, ಗ್ಯಾಂಗುಗಳ ಹಿಂಸೆ ಆ ರಾಜ್ಯದಲ್ಲಿ ನಿಜವಾಗಿಯೂ ಇದೆ. "ಏನೂ ಆಗಲ್ಲ ಬನ್ನಿ" ಅಂತ ಹೇಳೋರ ಮಾತನ್ನು ನಾನು ಒಪ್ಪಲ್ಲ. ಆದರೆ ಅದೇ ಸರ್ಕಾರ ತನ್ನ ನೌಕರರಿಗೆ ಲೂಕ್‌ವಿಲ್ ದಾಟಿ, ಹಗಲು ಹೊತ್ತಿನಲ್ಲಿ, 8ನೇ ಹೆದ್ದಾರಿಯಲ್ಲೇ ಪೆನ್ಯಾಸ್ಕೊಗೆ ಹೋಗಿಬರೋಕೆ ಅವಕಾಶ ಕೊಟ್ಟಿತ್ತು. ಸೊನೊಯ್ತಾದಿಂದ ಪೂರ್ವಕ್ಕೆ, ಆಲ್ತಾರ್, ಸಾಸಾಬೆ ಕಡೆಯ ಗಡಿ ಪ್ರದೇಶಕ್ಕೆ ಹೋಗಬೇಡಿ ಅಂತ ಸ್ಪಷ್ಟವಾಗಿ ಹೇಳಿತ್ತು. ನಾನೂ ಇದೇ ನಿಯಮ ಪಾಲಿಸ್ತೀನಿ: ಬೆಳಗ್ಗೆ ಗಡಿ ದಾಟೋದು, ನೇರ ರಸ್ತೆ ಬಿಟ್ಟು ಕದಲದೆ ಇರೋದು, ಕತ್ತಲಾದ ಮೇಲೆ ಊರಾಚೆ ಗಾಡಿ ಓಡಿಸದೆ ಇರೋದು. ಹೊರಡುವ ವಾರ ಆಗಿನ ಎಚ್ಚರಿಕೆಯನ್ನು ನೀವೇ ಓದಿ ತೀರ್ಮಾನ ಮಾಡಿ. ಸೊನೊಯ್ತಾ ಊರೊಳಗೆ ವೇಗದ ಮಿತಿ ತೀರಾ ಕಡಿಮೆ, ಹಿಂದಿನ ಗಾಡಿಯವರು ಹಾರನ್ ಹೊಡೆದರೂ ಫಲಕ ಹೇಳಿದಷ್ಟೇ ಹೋಗಿ.

ಗಾಡಿಗೆ ಮೆಕ್ಸಿಕೊದ ವಿಮೆ ಬೇಕೇ ಬೇಕು. ಅಮೆರಿಕದ ವಿಮೆ ಅಲ್ಲಿ ಸಾಮಾನ್ಯವಾಗಿ ನಡೆಯಲ್ಲ, ಅಪಘಾತ ಆದರೆ ಹಣಕ್ಕೆ ಹೊಣೆ ಯಾರು ಅಂತ ಇತ್ಯರ್ಥ ಆಗೋವರೆಗೂ ಪೊಲೀಸರು ಹಿಡಿದಿಟ್ಟುಕೊಳ್ಳಬಹುದು. ಆನ್‌ಲೈನ್‌ನಲ್ಲೇ ದಿನದ ಲೆಕ್ಕದಲ್ಲಿ ಸಿಗುತ್ತೆ. ಬಾಡಿಗೆ ಗಾಡಿಯಾದರೆ ಗಡಿ ದಾಟಿಸೋಕೆ ಅನುಮತಿ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ.

ಇನ್ನು ವೀಸಾ. ನಿಮ್ಮ ಅಮೆರಿಕನ್ ಗೆಳೆಯರು ಇದನ್ನು ಹೇಳಲ್ಲ, ಅವರಿಗೆ ಬೇಕಾಗೇ ಇಲ್ಲ. ಭಾರತದ ಪಾಸ್‌ಪೋರ್ಟ್‌ಗೆ ಮೆಕ್ಸಿಕೊ ವೀಸಾ ಕೇಳುತ್ತೆ. ಆದರೆ ಪಾಸ್‌ಪೋರ್ಟ್‌ನಲ್ಲಿ ಅವಧಿ ಮುಗಿಯದ ಅಮೆರಿಕ ವೀಸಾ ಇದ್ದರೆ, ಅಥವಾ ಗ್ರೀನ್ ಕಾರ್ಡ್ ಇದ್ದರೆ, ಬೇರೆ ವೀಸಾ ಬೇಡ. ಅಪ್ಪ ಅಮ್ಮನಿಗೆ ಹತ್ತು ವರ್ಷದ ಬಿ-2 ಸ್ಟಾಂಪ್, ಅಂದರೆ ಪ್ರವಾಸಿ ವೀಸಾ, ಇದ್ದರೆ ಅವರದು ಸಲೀಸು. ಸಿಕ್ಕಿಹಾಕಿಕೊಳ್ಳೋರು ನೀವು. ಕೆಲಸದ ಎಚ್-1ಬಿ ಅನುಮತಿ ವಿಸ್ತರಣೆ ಆಗಿದೆ, ಕೈಯಲ್ಲಿ ಅನುಮೋದನೆ ಪತ್ರ ಇದೆ, ಆದರೆ ಪಾಸ್‌ಪೋರ್ಟ್‌ನ ಸ್ಟಾಂಪ್ ಮುಗಿದಿದೆ ಅನ್ನೋರು ನಮ್ಮಲ್ಲಿ ಎಷ್ಟೋ ಜನ. ಹಾಗಿದ್ದವರಿಗೆ ವಾಪಸ್ ಬರೋಕೆ ಒಂದು ದಾರಿ ಇದೆ: ಮೆಕ್ಸಿಕೊದಲ್ಲಿ 30 ದಿನಕ್ಕಿಂತ ಹೆಚ್ಚು ಇರದೆ, ಐ-94, ಅಂದರೆ ಅಮೆರಿಕದಲ್ಲಿ ಯಾವತ್ತಿನವರೆಗೆ ಇರಬಹುದು ಅಂತ ಹೇಳೋ ದಾಖಲೆ, ಅದರ ಅವಧಿ ಮುಗಿಯದೆ, ಈ ನಡುವೆ ಹೊಸ ವೀಸಾಗೆ ಅರ್ಜಿ ಹಾಕದೆ ಇದ್ದರೆ ಹಳೇ ಸ್ಟಾಂಪ್ ಮೇಲೇ ಒಳಗೆ ಬಿಡೋ ನಿಯಮ ಅದು. ಆದರೆ ಅದು ಅಮೆರಿಕದ ನಿಯಮ. ಮೆಕ್ಸಿಕೊದವರಿಗೆ ಮುಗಿದ ಸ್ಟಾಂಪ್ ಲೆಕ್ಕಕ್ಕಿಲ್ಲ, ಒಳಗೆ ಹೋಗೋಕೆ ಅವರ ವೀಸಾ ಬೇಕು. ಹೀಗೆ ಎರಡು ಕಡೆಯದೂ ಕೂಡಿಸಿ ನೋಡಿ. ಸ್ಟಾಂಪ್ ಮುಗಿದಿದ್ದರೆ ನಿಮ್ಮ ಕಂಪನಿಯ ವಕೀಲರನ್ನು ಕೇಳದೆ ಹೊರಡಬೇಡಿ. ಗಡಿಯಲ್ಲಿ ಮೆಕ್ಸಿಕೊದ ಇಮಿಗ್ರೇಶನ್ ಕಚೇರಿಗೆ ಹೋಗಿ ಪ್ರವೇಶದ ಚೀಟಿ ಮಾಡಿಸಿಕೊಳ್ಳಿ. ಯಾರೂ ತಡೆಯಲ್ಲ ಅಂತ ಹಾಗೇ ಹೋಗೋರನ್ನು ನೋಡಿದ್ದೀನಿ, ವಿದೇಶಿ ಪಾಸ್‌ಪೋರ್ಟ್ ಇಟ್ಟುಕೊಂಡು ಆ ಸಾಹಸ ಬೇಡ.

ಊಟಕ್ಕೆ ನಿಮ್ಮವರು ಸಸ್ಯಾಹಾರಿಗಳಾದರೆ ಅಡುಗೆಮನೆ ಇರೋ ಮನೆ ಬಾಡಿಗೆಗೆ ತಗೊಳ್ಳಿ, ಅಕ್ಕಿ, ಹುಳಿಪುಡಿ ಒಯ್ಯಿರಿ. ಹೋಟೆಲಲ್ಲಿ ಬರುವ ಬೀನ್ಸ್‌ಗೆ, ಸೊನೊರಾದ ಮೈದಾ ರೊಟ್ಟಿ ತೋರ್ತಿಯಾಗೂ ಹಂದಿಕೊಬ್ಬು ಹಾಕೋದುಂಟು, ಅನ್ನವನ್ನು ಕೋಳಿ ಸಾರಲ್ಲಿ ಬೇಯಿಸೋದುಂಟು. "ಸಿನ್ ಕಾರ್ನೆ" ಅಂದರೆ ಮಾಂಸ ಮಾತ್ರ ಬಿಡ್ತಾರೆ, "ಸಿನ್ ಮಾಂತೇಕಾ", ಅಂದರೆ ಹಂದಿಕೊಬ್ಬು ಹಾಕದೆ, ಅಂತಲೂ ಹೇಳಬೇಕು. ಬೀದಿಯಲ್ಲಿ ನಿಂಬೆಹಣ್ಣು, ಖಾರದ ಪುಡಿ ಹಾಕಿದ ಮಾವು, ಸುಟ್ಟ ಜೋಳ ಧಾರಾಳ. ಕೊಯೋತಾ ಅಂತ ಸೊನೊರಾದ ಸಿಹಿ ಇದೆ, ಒಳಗೆ ಕಬ್ಬಿನ ಬೆಲ್ಲ. ಗಟ್ಟಿಯಾಗಿ ಬೇಯಿಸಿದ ಬೆಲ್ಲದ ಹೋಳಿಗೆ ಹಾಗಿರುತ್ತೆ, ಆದರೆ ಅದಕ್ಕೂ ಕೊಬ್ಬಿನ ಪ್ರಶ್ನೆ ಕೇಳಿಯೇ ಕೊಳ್ಳಿ. ಮೀನು ತಿನ್ನೋರಿಗೆ ಸಿಗಡಿ, ಮೊರೂವಾ ಅಳಿವೆಯಲ್ಲಿ ಬೆಳೆಸುವ ಸಿಂಪಿ, ಎರಡೂ ತಾಜಾ.

ವಾಪಸ್ ಬರೋದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ. ಲೂಕ್‌ವಿಲ್ ಗೇಟು ಬೆಳಗ್ಗೆ 6ರಿಂದ ರಾತ್ರಿ 8ರವರೆಗೆ ಮಾತ್ರ, ರಜೆ ಮುಗಿದ ದಿನ ಸಾಲು ಗಂಟೆಗಟ್ಟಲೆ ಬೆಳೆಯುತ್ತೆ. 2023ರ ಡಿಸೆಂಬರ್ 4ರಿಂದ 2024ರ ಜನವರಿ 4ರವರೆಗೆ ಆ ಗಡಿಯನ್ನೇ ಮುಚ್ಚಿದ್ದರು, ಪೆನ್ಯಾಸ್ಕೊದ ಹೋಟೆಲು, ಅಂಗಡಿಯವರಿಗೆ ಕ್ರಿಸ್‌ಮಸ್ ವ್ಯಾಪಾರ ಹೊಡೆತ ತಿಂತು. ಹಾಗಾಗಿ ಹೊರಡೋ ಹಿಂದಿನ ದಿನ ಗಡಿ ತೆರೆದಿದೆಯಾ ಅಂತ ನೋಡಿಕೊಳ್ಳಿ. ಅಕ್ಟೋಬರ್ ಕೊನೆ, ನವೆಂಬರ್ ನಿಮ್ಮ ಸಂಸಾರಕ್ಕೆ ಒಳ್ಳೆ ಕಾಲ, ನೀರು ಇನ್ನೂ ತೀರಾ ತಣ್ಣಗಾಗಿರಲ್ಲ. ಆ ಹೊತ್ತಿನ ಒಂದು ಹುಣ್ಣಿಮೆ ಹಿಡಿದು, ಶುಕ್ರವಾರ ಬೆಳಗ್ಗೆ ಹೋಗಿ ಸೋಮವಾರ ಬೆಳಗ್ಗೆ ಹೊರಟು ಬನ್ನಿ. ನಿಮ್ಮ ಸ್ಟಾಂಪಿನ ಸ್ಥಿತಿ ಏನು ಅಂತ ಇಲ್ಲೇ ಬರೆದರೆ ಮುಂದಿನದನ್ನು ನೋಡೋಣ.