ಅಜ್ಜ ಎಡಚರೋ, ಫೋಟೊ ತಿರುಗಿದೆಯೋ?

ಪ್ರಶ್ನೆ: ನಮ್ಮ ಮನೆ ಹಾಲ್‌ನಲ್ಲಿ ಅಜ್ಜನ ಹಳೆ ಫೋಟೊ ಇದೆ. ಪಂಚೆ, ಕರಿ ಕೋಟು, ಪೇಟ. ಕುರ್ಚಿಯಲ್ಲಿ ಕೂತು ಪಿಟೀಲು ಹಿಡಿದಿದ್ದಾರೆ. ಆದರೆ ಬಲಗೈಯಲ್ಲಿ ಪಿಟೀಲು, ಎಡಗೈಯಲ್ಲಿ ಕಮಾನು! ಅಜ್ಜ ಎಡಚರು ಅಂತ ದೊಡ್ಡಪ್ಪ ಹೇಳುತ್ತಾರೆ. ಅಜ್ಜಿ ಬದುಕಿದ್ದಾಗ "ಅವರು ಊಟ, ಬರಹ ಎಲ್ಲಾ ಬಲಗೈಲೇ ಮಾಡ್ತಿದ್ರು" ಅನ್ನುತ್ತಿದ್ದರು. ಅಜ್ಜ ಚಿಕ್ಕವರಿದ್ದಾಗ ಸಂಗೀತಗಾರರ ಊರಾದ ರುದ್ರಪಟ್ಟಣದಲ್ಲಿ ಪಿಟೀಲು ಪಾಠ ಹೇಳಿಸಿಕೊಂಡಿದ್ದರಂತೆ. ಯಾರ ಮಾತು ನಿಜ? ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದ್ದೇನೆ.
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಅಜ್ಜಿಯ ಮಾತೇ ನಿಜ. ತಿರುಗಿರುವುದು ಫೋಟೊ.

ಊಟ, ಬರಹ ಬಲಗೈಲಿ ಮಾಡುತ್ತಿದ್ದರು ಅನ್ನುವುದನ್ನೇ ನಾನು ಸಾಕ್ಷಿಯಾಗಿ ತಗೊಳ್ಳಲಿಲ್ಲ. ಆ ಕಾಲದಲ್ಲಿ ಎಡಗೈ ಮಕ್ಕಳಿಗೂ ಬಯ್ದು ಬಲಗೈ ರೂಢಿ ಮಾಡಿಸುತ್ತಿದ್ದರು, ಅಲ್ವಾ? ನಾನು ಮೊದಲು ನೋಡಿದ್ದು ಪಿಟೀಲನ್ನಲ್ಲ, ಕೋಟನ್ನು. ಕೋಟಿನ ಎದೆಯ ಜೇಬು ಹಾಕಿಕೊಂಡವರ ಎಡಗಡೆ ಇರುತ್ತದೆ. ಗಂಡಸರ ಕೋಟಿನಲ್ಲಿ ಎಡಭಾಗ ಬಲಭಾಗದ ಮೇಲೆ ಬಂದು ಗುಂಡಿ ಕೂರುತ್ತದೆ. ನಿಮ್ಮ ಫೋಟೊದಲ್ಲಿ ಎರಡೂ ಉಲ್ಟಾ. ಒಬ್ಬ ಮನುಷ್ಯ ಎಡಚ ಆಗಿರಬಹುದು. ಅವನ ದರ್ಜಿಯೂ ಕೋಟನ್ನು ಉಲ್ಟಾ ಹೊಲಿದ ಅಂದರೆ ನಂಬಲಾಗುವುದಿಲ್ಲ.

ಇದು ಹೇಗಾಯಿತು ಅಂತ ಹೇಳುತ್ತೇನೆ, ಯಾಕೆಂದರೆ ಇದನ್ನು ನಾನು ನಮ್ಮ ಮನೆಯಲ್ಲೇ ಕಲಿತೆ. ನನ್ನ ಮಾವನವರಿಗೆ ಹಾಸನದಲ್ಲಿ ಒಂದು ಸ್ಟುಡಿಯೋ ಇತ್ತು. ಅಟ್ಟದಲ್ಲಿ ಮರದ ಪೆಟ್ಟಿಗೆಗಳ ತುಂಬ ಗಾಜಿನ ಪ್ಲೇಟುಗಳು. ಫಿಲ್ಮ್ ರೋಲ್ ಬರುವ ಮುಂಚೆ ನೆಗೆಟಿವ್ ಅಂದರೆ ಗಾಜೇ. ಒಂದು ಕಡೆಗೆ ಹೊಳಪಿಲ್ಲದ ಬೆಳ್ಳಿಯ ಲೇಪ, ಇನ್ನೊಂದು ಕಡೆ ಹೊಳೆಯುವ ಬರಿ ಗಾಜು. "ಮಂದ ಕಡೆ ಕಾಗದಕ್ಕೆ, ಹೊಳೆಯೋ ಕಡೆ ಬೆಳಕಿಗೆ" ಅಂತ ಮಾವ ಹುಡುಗರಿಗೆ ಹೇಳಿ ಹೇಳಿ ಸುಸ್ತಾಗುತ್ತಿದ್ದರು. ಅವಸರದಲ್ಲಿ ಪ್ಲೇಟು ಮಗುಚಿ ಇಟ್ಟರೆ ಪ್ರಿಂಟು ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ಜೊತೆಗೆ ಗಾಜಿನ ದಪ್ಪ ಮಧ್ಯೆ ಬರುವುದರಿಂದ ಗೆರೆಗಳು ಸ್ವಲ್ಪ ಮಸುಕಾಗುತ್ತವೆ. ನಿಮ್ಮ ಅಜ್ಜನ ಮೀಸೆ ಹಾಗೇ ಮಸುಕಾಗಿದೆ ನೋಡಿ. ಅದು ಹಳೆಯದಾಗಿ ಮಾಸಿದ್ದಲ್ಲ ಅಂತ ನನಗನ್ನಿಸುತ್ತದೆ.

ಪರದೇಶದ ಇನ್ನೂ ಹಳೆಯ ಫೋಟೊಗಳಲ್ಲಿ ಇದು ತಪ್ಪೂ ಅಲ್ಲ. 1839ರಲ್ಲಿ ಬಂದ ಡಾಗೇರೋಟೈಪಿನಲ್ಲಿ ನೆಗೆಟಿವೇ ಇರಲಿಲ್ಲ. ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ನೇರವಾಗಿ ಚಿತ್ರ ಬೀಳುತ್ತಿತ್ತು, ಅದೂ ತಿರುಗಿ. ಆಮೇಲೆ ಬಂದ ಕಬ್ಬಿಣದ ತಗಡಿನ ಫೋಟೊಗಳೂ ಅಷ್ಟೇ. ಆ ಚಿತ್ರಗಳಲ್ಲಿ ಪಿಟೀಲು ಹಿಡಿದವರು ಎಡಚರ ಹಾಗೆ ಕಂಡರೆ ಅದಕ್ಕೆ ಇದೇ ಕಾರಣ.

ಹಾಗಾದರೆ ನಿಜವಾದ ಎಡಚ ಪಿಟೀಲುಗಾರರು ಇರಲಿಲ್ಲವೇ? ಇದ್ದರು. ಚಾರ್ಲಿ ಚಾಪ್ಲಿನ್ ಎಡಗೈಯಲ್ಲೇ ಕಮಾನು ಹಿಡಿಯುತ್ತಿದ್ದರು. ತಂತಿಗಳನ್ನು ಅದಲು ಬದಲು ಮಾಡಿಸಿದ್ದಷ್ಟೇ ಅಲ್ಲ, ಪಿಟೀಲಿನ ಹೊಟ್ಟೆಯೊಳಗಿನ ಪಟ್ಟಿ ಮತ್ತು ಪುಟ್ಟ ಕಂಬದ ಜಾಗವನ್ನೂ ಬದಲಾಯಿಸಿಕೊಂಡಿದ್ದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಂಥ ಪಿಟೀಲಿನ ಸರಿಯಾದ ಫೋಟೊ ಮತ್ತು ಮಾಮೂಲಿ ಪಿಟೀಲಿನ ತಿರುಗಿದ ಫೋಟೊ ನೋಡಲು ಒಂದೇ ಥರ. ಸುರುಳಿ ತಲೆ ಮೇಲೆ ಬರುವ ಹಾಗೆ ಹಿಡಿದು ನೋಡಿದರೆ ಎರಡರಲ್ಲೂ ದಪ್ಪ ತಂತಿ ಬಲಕ್ಕೆ, ಗದ್ದ ಇಡುವ ಬಟ್ಟಲು ಬಲಕ್ಕೆ. ಅದಕ್ಕೇ ಬಟ್ಟೆ ನೋಡಿ ಅನ್ನುವುದು. ಕೋಟಿಲ್ಲದಿದ್ದರೆ ಜನಿವಾರ ಎಡ ಭುಜದ ಮೇಲಿದೆಯೇ, ಹೆಂಗಸರಾದರೆ ಸೆರಗು ಯಾವ ಕಡೆ ಇದೆ, ಹಿಂದಿನ ಬೋರ್ಡಿನಲ್ಲಿ ಅಕ್ಷರ ಹೇಗಿದೆ, ಹುಡುಕಿ.

ಇನ್ನೊಂದು ಮಾತು. ನೀವು ಕೇಳದಿದ್ದರೂ ಹೇಳುತ್ತೇನೆ. ಸ್ಟುಡಿಯೋಗಳಲ್ಲಿ ಪಿಟೀಲನ್ನು ಸುಮ್ನೆ ಅಲಂಕಾರಕ್ಕೆ ಕೈಗೆ ಕೊಡುತ್ತಿದ್ದದ್ದೂ ಉಂಟು, ಹೂದಾನಿ, ಪುಸ್ತಕ ಕೊಟ್ಟ ಹಾಗೆ. ಮಾವನ ಪ್ಲೇಟುಗಳಲ್ಲಿ ಒಂದೇ ಪಿಟೀಲು ನಾಲ್ಕು ಬೇರೆ ಬೇರೆ ಮನೆಯವರ ಕೈಯಲ್ಲಿದೆ. ಅದರ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಓರೆಯಾಗಿದೆ, ಕಮಾನಿನ ಕೂದಲು ಜೋತು ಬಿದ್ದಿದೆ. ಹಿಡಿದವರು ಕಮಾನನ್ನು ಕೋಲಿನ ಹಾಗೆ ಮುಷ್ಟಿಯಲ್ಲಿ ಹಿಡಿದಿದ್ದಾರೆ. ನಿಮ್ಮ ಅಜ್ಜ ಹಾಗಲ್ಲ. ಕೂದಲು ಬಿಗಿಯಾಗಿದೆ. ಕಮಾನು ಕುದುರೆಗೂ ಬೆರಳು ಒತ್ತುವ ಕರಿ ಪಟ್ಟಿಗೂ ನಡುವೆ ಸರಿಯಾದ ಜಾಗದಲ್ಲಿ ಕೂತಿದೆ. ತೋರುಬೆರಳು, ಮಧ್ಯದ ಬೆರಳು ಪಕ್ಕಪಕ್ಕ ಒಂದೇ ತಂತಿಯ ಮೇಲಿವೆ. ನಮ್ಮವರು ಗಮಕಕ್ಕೆ, ಅಂದರೆ ಸ್ವರವನ್ನು ತೂಗಿಸಲು, ಬೆರಳು ಜಾರಿಸುವಾಗ ಇಡುವುದು ಹಾಗೆಯೇ. ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತಿದ್ದರೆ ಪಿಟೀಲಿನ ಸುರುಳಿ ತಲೆ ಬಲಪಾದದ ಮೇಲೆ ಇರುತ್ತಿತ್ತು. ಸ್ಟುಡಿಯೋದವರು ಕುರ್ಚಿ ಕೊಟ್ಟರು, ಅಜ್ಜ ಪಿಟೀಲಿನ ತಲೆಯನ್ನು ಮಂಡಿಗೆ ಆನಿಸಿಕೊಂಡರು. ಗೊತ್ತಿಲ್ಲದವರು ಹಾಗೆ ಮಾಡುವುದಿಲ್ಲ. ನಿಮ್ಮ ಅಜ್ಜ ನುಡಿಸುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ.

ಈ ವಿಷಯ ನನಗೆ ಇಷ್ಟು ನಾಟಲು ಕಾರಣವಿದೆ. ನನ್ನ ಪಿಟೀಲು ಗುರುಗಳು ತೀರಿಕೊಂಡ ವರ್ಷ ಒಂದು ಸಂಸ್ಥೆಯವರು ಅವರ ನೆನಪಿಗೆ ಕಛೇರಿ ಇಟ್ಟರು. ಬ್ಯಾನರಿನಲ್ಲಿ ಅಕ್ಷರಕ್ಕೆ ಜಾಗ ಬೇಕು ಅಂತ ಗುರುಗಳ ಚಿತ್ರವನ್ನು ತಿರುಗಿಸಿ ಹಾಕಿದ್ದರು. ಐವತ್ತು ವರ್ಷ ಬಲಗೈಯಲ್ಲಿ ಕಮಾನು ಎಳೆದವರು ಎಡಗೈಯಲ್ಲಿ ಹಿಡಿದು ನಿಂತಿದ್ದರು. ಹೇಳಿದರೆ "ಅದರಲ್ಲೇನಿದೆ ಮೇಡಂ" ಅಂದರು. ನನಗೆ ಅವತ್ತು ಕೈ ನಡುಗಿ ನುಡಿಸಲಾಗಲಿಲ್ಲ. ನೀವು ದಯವಿಟ್ಟು ಫೋಟೊವನ್ನು ಸ್ಕ್ಯಾನ್ ಮಾಡಿಸಿ, ಸರಿಯಾಗಿ ತಿರುಗಿಸಿದ ಒಂದು ಪ್ರತಿಯನ್ನು ಪಕ್ಕದಲ್ಲೇ ತೂಗುಹಾಕಿ. ಮೊದಲಿನದನ್ನು ತೆಗೆಯಬೇಡಿ.

ಪ್ರಶ್ನೆ: ಟೀಚರ್, ನಾನು ಪಿಟೀಲು ಕಲಿಯಲು ಶುರು ಮಾಡಿ ಎರಡು ವರ್ಷವಾಯಿತು. ಹಳೆ ಸಿನಿಮಾದಲ್ಲಿ ನಟರು ಪಿಟೀಲು ನುಡಿಸುವಾಗ ಏನೋ ಸರಿ ಇಲ್ಲ ಅನಿಸುತ್ತದೆ. ಅವರು ನಿಜವಾಗಿ ನುಡಿಸುತ್ತಾರಾ?
– ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ನಿನ್ನ ಕಣ್ಣು ಚುರುಕಾಗಿದೆ ಮಗಳೇ. ಹೆಚ್ಚಿನವರು ನುಡಿಸುವುದಿಲ್ಲ. ನಾದ ಮೊದಲೇ ರೆಕಾರ್ಡ್ ಆಗಿರುತ್ತದೆ, ನಟರು ಅದಕ್ಕೆ ಕೈ ಆಡಿಸುತ್ತಾರೆ. ಸ್ವರ ಮೇಲೇರುವಾಗ ಎಡಗೈ ಕುದುರೆಯ ಕಡೆ ಸರಿಯಬೇಕು. ಅದು ಇದ್ದಲ್ಲೇ ಇದ್ದರೆ ನಿನಗೆ ತಕ್ಷಣ ಗೊತ್ತಾಗುತ್ತದೆ. ಒಂದೇ ಉದ್ದನೆಯ ಸ್ವರ ಕೇಳುತ್ತಿರುವಾಗ ಕಮಾನು ಮೂರು ಸಲ ಹೋಗಿ ಬಂದರೂ ಅಷ್ಟೇ.

ಇದನ್ನು ಮುಚ್ಚಲು ಎಷ್ಟು ಕಷ್ಟಪಟ್ಟಿದ್ದಾರೆ ಗೊತ್ತಾ? 1946ರ 'ಹ್ಯೂಮರೆಸ್ಕ್' ಎಂಬ ಹಾಲಿವುಡ್ ಚಿತ್ರದಲ್ಲಿ ನಾಯಕ ಜಾನ್ ಗಾರ್ಫೀಲ್ಡ್ ಪಿಟೀಲುಗಾರ. ಹತ್ತಿರದ ದೃಶ್ಯಗಳಲ್ಲಿ ಅವರ ಪಕ್ಕ ಇಬ್ಬರು ವಾದಕರು ಬಗ್ಗಿ ಅಡಗಿ ಕೂತಿದ್ದರು. ಒಬ್ಬರ ಕೈ ತಂತಿ ಒತ್ತುತ್ತಿತ್ತು, ಇನ್ನೊಬ್ಬರ ಕೈ ಕಮಾನು ಎಳೆಯುತ್ತಿತ್ತು. ಕೇಳಿಸುತ್ತಿದ್ದ ನಾದ ಐಸಾಕ್ ಸ್ಟರ್ನ್ ಅವರದು. ಮುಖ ಒಬ್ಬರದು, ಎರಡು ಕೈ ಇಬ್ಬರದು, ನಾದ ನಾಲ್ಕನೆಯವರದು!

ನಿಜವಾಗಿ ನುಡಿಸಿದವರನ್ನು ನೋಡಬೇಕಾದರೆ ತುಂಬ ಹಿಂದಕ್ಕೆ ಹೋಗು. ದೃಶ್ಯ ಮತ್ತು ಶಬ್ದ ಒಟ್ಟಿಗೆ ಹಿಡಿದ, ಇವತ್ತಿಗೂ ಉಳಿದಿರುವ ಮೊಟ್ಟಮೊದಲ ತುಣುಕಿನಲ್ಲಿರುವುದೇ ಪಿಟೀಲು. ಎಡಿಸನ್ನರ ಸ್ಟುಡಿಯೋದಲ್ಲಿ ಡಿಕ್ಸನ್ ಎಂಬುವವರು 1894–95ರ ಸುಮಾರಿಗೆ ನಾದ ಹಿಡಿಯುವ ದೊಡ್ಡ ಕೊಳವೆಯ ಮುಂದೆ ನಿಂತು ನುಡಿಸುತ್ತಾರೆ, ಪಕ್ಕದಲ್ಲಿ ಇಬ್ಬರು ಗಂಡಸರು ಕುಣಿಯುತ್ತಾರೆ. ಇಪ್ಪತ್ತು ಸೆಕೆಂಡೂ ಇಲ್ಲ. ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಮ್ಮ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರಂತೂ 1943ರಲ್ಲಿ 'ವಾಣಿ' ಅನ್ನುವ ಕನ್ನಡ ಚಿತ್ರವನ್ನೇ ನಿರ್ಮಿಸಿದರು. ಮೈಕು ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲಿ ಅಂತ ನಾಲ್ಕು ತಂತಿಯ ಜಾಗದಲ್ಲಿ ಏಳು ತಂತಿ ಹಾಕಿಕೊಂಡವರು ಅವರು. ಅವರ ಫೋಟೊ ಸಿಕ್ಕಿದಾಗ ತಂತಿ ಬಿಗಿಸುವ ಬಿರಡೆಗಳನ್ನು ಎಣಿಸಿ ನೋಡು. ಮುಂದಿನ ಪಾಠಕ್ಕೆ ಹೋಗುವ ಮುಂಚೆ ನಿನ್ನ ನುಡಿಸುವಿಕೆಯನ್ನೇ ಅಮ್ಮನ ಮೊಬೈಲಿನಲ್ಲಿ ಹಿಡಿಸಿಕೊಂಡು, ಶಬ್ದ ತೆಗೆದು ನೋಡು. ಕೈ ಮಾತ್ರ ನೋಡಿ ಯಾವ ವರಸೆ ಅಂತ ಹೇಳಲು ಬಂದರೆ ಚೆನ್ನಾಗಿ ನುಡಿಸುತ್ತಿದ್ದೀಯ.

ಪ್ರಶ್ನೆ: ನಮ್ಮ ಕಾಫಿ ತೋಟದ ಹಳೆ ಮನೆಯ ಅಟ್ಟದಲ್ಲಿ ಪಿಟೀಲು ಸಿಕ್ಕಿದೆ. ಒಳಗೆ ಸ್ಟ್ರಾಡಿವೇರಿಯಸ್, 1721 ಅಂತ ಚೀಟಿ ಇದೆ. ಕೋಟಿಗಟ್ಟಲೆ ಬೆಲೆ ಅಂತಾರಲ್ಲ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಅಲ್ಲ, ಬೇಜಾರಾಗಬೇಡಿ. ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡರು. ಆಮೇಲೆ ಜರ್ಮನಿಯ ಕಾರ್ಖಾನೆಗಳು ಅವರ ಮಾದರಿಯಲ್ಲಿ ಲಕ್ಷಗಟ್ಟಲೆ ಪಿಟೀಲು ಮಾಡಿ ಅದೇ ಚೀಟಿ ಅಂಟಿಸಿದವು. ಚೀಟಿಯ ಕೆಳಗೆ ಮೇಡ್ ಇನ್ ಜರ್ಮನಿ ಅಂತ ಸಣ್ಣಕ್ಷರ ಇದ್ದರೆ 19ನೇ ಶತಮಾನದ ಕೊನೆ ಅಥವಾ ಆಮೇಲಿನದು.

ಆದರೂ ಅದು ಒಳ್ಳೇ ಪಿಟೀಲೇ ಆಗಿರಬಹುದು. ನಾನು ಕಲಿತದ್ದೂ ಅಂಥದ್ದರಲ್ಲೇ. ಮಲೆನಾಡಿನ ಮಳೆಗೆ ಅಂಟು ಬಿಟ್ಟಿದ್ದರೆ ಫೆವಿಕಾಲ್ ಹಾಕಬೇಡಿ. ಪಿಟೀಲಿಗೆ ಹಾಕುವುದು ಚರ್ಮದಿಂದ ಮಾಡಿದ ಅಂಟು, ರಿಪೇರಿಗೆ ಬೇಕಾದಾಗ ಬಿಚ್ಚಲು ಬರುತ್ತದೆ. ಒಲೆಯ ಹತ್ತಿರ ಒಣಗಿಸಲೂ ಬೇಡಿ. ಕಮಾನಿನ ಕೂದಲು ಸಡಿಲ ಮಾಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮಳೆ ನಿಂತ ಮೇಲೆ ಹಾಸನಕ್ಕೆ ತನ್ನಿ, ತಂತಿ ಹಾಕಿ ನೋಡೋಣ. ಅಟ್ಟದಲ್ಲಿ ಅದರ ಜೊತೆ ಯಾರದಾದರೂ ಫೋಟೊ ಇತ್ತೇ? ಇದ್ದರೆ ಅದನ್ನೂ ತನ್ನಿ.