ನಮ್ಮೂರು ಮಲೆನಾಡಿನ ಸಾಗರ, ಈಗ ಮಳೆ ಬೇರೆ. ಎಸ್ಪ್ರೆಸೊ ಮಷಿನ್ ಅಡಿಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿಂದ ಸೋರುತ್ತಿದೆ ಅಂತ ಕಂಡುಹಿಡಿಯುವುದು ಹೇಗೆ?

ನೀವು ಸಾಗರದವರು ಅಂದಿರಿ. ಈ ಮಳೆಗೆ ಅಡುಗೆಮನೆ ಕಟ್ಟೆ ಹೇಗೂ ಥಂಡಿ ಹಿಡಿದಿರುತ್ತದೆ, ಬರೀ ಕಣ್ಣಿಗೆ ಗೊತ್ತಾಗೋದು ಕಷ್ಟ. ಮೊದಲು ಡ್ರಿಪ್ ಟ್ರೇ (ಕಪ್ ಇಡುವ ಜಾಗದ ಕೆಳಗೆ ಚೆಲ್ಲಿದ ನೀರು ಹಿಡಿಯುವ ತಟ್ಟೆ) ಖಾಲಿ ಮಾಡಿ. ಎಷ್ಟೋ ಸಲ ಅದು ತುಂಬಿ ಚೆಲ್ಲಿರುತ್ತದೆ, ಅಷ್ಟೇ. ಆಮೇಲೆ ಪ್ಲಗ್ ಕಿತ್ತು, ಎಲ್ಲಾ ಒರೆಸಿ, ಮಷಿನ್ ಕೆಳಗೆ ನ್ಯೂಸ್‌ಪೇಪರ್ ಹಾಸಿ. ಟ್ಯಾಂಕ್ ತುಂಬಿಸಿ ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಪೇಪರ್ ನೆನೆದಿದ್ದರೆ ಮೊದಲ ಅನುಮಾನ ಟ್ಯಾಂಕ್ ಮೇಲೆ, ಅದರ ಅಡಿಯ ವಾಲ್ವಿನ ರಬ್ಬರ್ ರಿಂಗ್ ಮೇಲೆ.

ಕಾಫಿ ಇಳಿಯುವಾಗ ಪೋರ್ಟಾಫಿಲ್ಟರ್ (ಕಾಫಿಪುಡಿ ತುಂಬುವ, ಹಿಡಿ ಇರುವ ಬಟ್ಟಲು) ಅಂಚಿನಿಂದ ನೀರು ಬರುತ್ತಿದೆಯಾ? ಹಾಗಿದ್ದರೆ ಅದು ಗ್ರೂಪ್ ಹೆಡ್ ಗ್ಯಾಸ್ಕೆಟ್, ಅಂದರೆ ಪೋರ್ಟಾಫಿಲ್ಟರ್ ಸಿಕ್ಕಿಸುವ ಜಾಗದ ರಬ್ಬರ್ ರಿಂಗ್. ಅಲ್ಲಿ ಸುಮಾರು 9 ಬಾರ್ ಒತ್ತಡ ಇರುತ್ತದೆ, ಒಂದು ಚೂರು ಕಾಫಿಪುಡಿ ಸಿಕ್ಕಿಕೊಂಡರೂ ಸಾಕು. ಮಷಿನ್ ತಣ್ಣಗಿರುವಾಗ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ಉಗುರಿನಿಂದ ಒತ್ತಿ ನೋಡಿ: ರಬ್ಬರ್ ಮೆತ್ತಗೆ ತಗ್ಗಬೇಕು. ಕಲ್ಲಿನಂತೆ ಗಟ್ಟಿಯಾಗಿದ್ದರೆ, ಬಿರುಕು ಕಂಡರೆ ಬದಲಿಸಲೇಬೇಕು. ಪೋರ್ಟಾಫಿಲ್ಟರ್ ಹಿಡಿ ಮೊದಲಿಗಿಂತ ಜಾಸ್ತಿ ಬಲಕ್ಕೆ ತಿರುಗುತ್ತಿದ್ದರೂ ಅದೇ ಸೂಚನೆ. ಎಲ್ಲಾ ಮಷಿನ್‌ಗೂ ಒಂದೇ ಅಳತೆ ಅಲ್ಲ, ಮಾಡೆಲ್ ನೋಡಿಯೇ ತರಿಸಿ.

ಸ್ಟೀಮ್ ನಳಿಗೆ ಮುಚ್ಚಿದರೂ ತೊಟ್ಟಿಕ್ಕಿದರೆ ವಾಷರ್ ಸವೆದಿರಬಹುದು, ಅಥವಾ ಸುಣ್ಣ ಕಟ್ಟಿರಬಹುದು. ಬೋರ್‌ವೆಲ್ ನೀರು ಗಡಸಾಗಿದ್ದರೆ ಡೀಸ್ಕೇಲ್ ಮಾಡಿ, ಅಂದರೆ ಕಟ್ಟಿದ ಸುಣ್ಣ ಕರಗಿಸಿ ನೋಡಿ. ಕಾಫಿ ಮುಗಿದ ಕೂಡಲೇ ಪುಸ್ ಅಂತ ಟ್ರೇಗೆ ಸ್ವಲ್ಪ ನೀರು ಬೀಳುವ ಮಷಿನ್‌ಗಳಿವೆ. ಅದು ಸೋರಿಕೆ ಅಲ್ಲ, ಒತ್ತಡ ಬಿಡುವ ರೀತಿ.

ಬಿಸಿಯಾದಾಗ ಮಾತ್ರ ಒಳಗಿಂದ ಸೋರಿದರೆ, ಅಥವಾ ಮನೆಯ ಟ್ರಿಪ್ಪರ್ ಬೀಳುತ್ತಿದ್ದರೆ ದಯವಿಟ್ಟು ಆನ್ ಮಾಡಲೇಬೇಡಿ. ಬಾಯ್ಲರ್ ಕೆಲಸ ತಿಳಿದವರಿಂದಲೇ ಬಿಚ್ಚಿಸಿ.