ಬಳೆಯ ಸದ್ದನ್ನು ವಾಪಸ್ ತನ್ನಿ

ಬರ್ಲಿನ್‌ನಿಂದ ಬರೆದ ಓದುಗರಿಗೆ, ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಜೊತೆಗೆ ಕಳಿಸಿದ, ನೀವೇ ಕಟ್ಟಿದ ಹಾಡಿನ ತುಣುಕುಗಳನ್ನು ನಾಲ್ಕು ಸಲ ಕೇಳಿದೆ. ಹಗಲು ನೀವು ಗಂಡ ಹೆಂಡತಿ ಇಬ್ಬರಿಗೂ ಕೆಲಸ. ರಾತ್ರಿ ಊಟ ಆದ ಮೇಲೆ ಮಲಗುವ ಕೋಣೆಯೇ ಸ್ಟುಡಿಯೋ. ಕೆಳಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಧಾರವಾಡದಿಂದ ನಿಮ್ಮ ತಂದೆ ಫೋನಿನಲ್ಲಿ ‘ಯವ್ವಾ, ಇದು ಯಾವ ದೇಶದ ಸಂಗೀತ?’ ಎಂದು ಕೇಳುತ್ತಾರೆ. ದೊಡ್ಡ ಸ್ಟುಡಿಯೋ ಬಾಡಿಗೆಗೆ ಹಿಡಿಯುವಷ್ಟು ದುಡ್ಡು ಕೂಡುವವರೆಗೆ ಇದನ್ನೆಲ್ಲ ನಿಲ್ಲಿಸಲೇ ಎಂದಿದ್ದೀರಿ.

ನಿಲ್ಲಿಸಬೇಡಿ.

ನಿಮ್ಮ ಬರ್ಲಿನ್‌ನಲ್ಲೇ ಬೆಳೆದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಗೆರ್ಶಾನ್ ಕಿಂಗ್ಸ್ಲಿ, ಮುಂದೆ ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೆಸರಾದವರು. ಯಹೂದಿ ಮನೆಯವರು. ನಾಜಿಗಳ ಕಾಟಕ್ಕೆ 1938ರಲ್ಲಿ, ಇನ್ನೂ ಹದಿಹರೆಯದಲ್ಲೇ, ಊರು ಬಿಟ್ಟು ಪ್ಯಾಲೆಸ್ಟೀನಿಗೆ ಹೋದರು. ಅಲ್ಲಿಂದ 1946ರಲ್ಲಿ ಅಮೆರಿಕಕ್ಕೆ. ಅಲ್ಲಿ ಅವರಿಗೆ ಜೊತೆಯಾದ ಫ್ರಾನ್ಸಿನ ಝಾನ್ ಝಾಕ್ ಪೆರ್ರೆ ಡಾಕ್ಟರ್ ಓದು ಅರ್ಧಕ್ಕೆ ಬಿಟ್ಟವರು. ಓಂಡಿಯೋಲಿನ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ವಾದ್ಯದ ಬೆನ್ನು ಹತ್ತಿ 1960ರಲ್ಲಿ ನ್ಯೂಯಾರ್ಕಿಗೆ ಬಂದರು. ಆ ವಾದ್ಯದ ಕೀಲಿಮಣೆ ಸ್ಪ್ರಿಂಗ್ ಮೇಲೆ ಕೂತಿರುತ್ತದೆ. ಕೈಯನ್ನು ಅತ್ತಿತ್ತ ಅಲುಗಿಸಿದರೆ ಸ್ವರವೂ ತೂಗುತ್ತದೆ. ವೀಣೆಯ ಗಮಕ ಕೇಳಿ ಬೆಳೆದವರಿಗೆ ಅದರ ಸುಖ ಬೇರೆ ಹೇಳಬೇಕಿಲ್ಲ, ಅಲ್ವಾ?

ಇಬ್ಬರೂ ಸೇರಿ 1966ರಲ್ಲಿ ಮೊದಲ ಆಲ್ಬಂ ತಂದರು. ಪೆರ್ರೆ ಸದ್ದುಗಳನ್ನು ಟೇಪಿಗೆ ಹಿಡಿದು, ಕತ್ತರಿಸಿ, ಅಂಟಿಸಿ ತಾಳ ಕಟ್ಟುತ್ತಿದ್ದರು. ಆ ಕೆಲಸ ಎಂಥದ್ದು ನೋಡಿ. ಟೇಪು ಸೆಕೆಂಡಿಗೆ 15 ಇಂಚು ಓಡುತ್ತದೆ ಅಂದುಕೊಳ್ಳಿ. ನಿಮಿಷಕ್ಕೆ 120 ಬಡಿತದ ಹಾಡಾದರೆ ಒಂದು ಬಡಿತಕ್ಕೆ ಏಳೂವರೆ ಇಂಚು. ತಾಳವನ್ನು ಸ್ಕೇಲ್ ಇಟ್ಟು ಅಳೆಯಬೇಕು. ಬ್ಲೇಡಿನಿಂದ ಓರೆಯಾಗಿ ಕತ್ತರಿಸಬೇಕು. ನೇರ ಕತ್ತರಿಸಿದರೆ ಜೋಡಿಸಿದ ಕಡೆ ಟಕ್ ಅನ್ನುತ್ತದೆ. ಚಿಕ್ಕಂದಿನಲ್ಲಿ ನಾವು ತುಂಡಾದ ಕ್ಯಾಸೆಟ್ ಟೇಪಿಗೆ ಸೆಲ್ಲೋಟೇಪ್ ಹಚ್ಚಿ, ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ಒಂದೇ ಒಂದು ಜೋಡಣೆಗೆ ಬೆವರು ಇಳಿಯುತ್ತಿತ್ತು!

ಈ ಜೋಡಿಯ 1967ರ ಒಂದು ಹಾಡನ್ನು ಡಿಸ್ನಿಲ್ಯಾಂಡಿನವರು 1972ರಲ್ಲಿ ತಮ್ಮ ದೀಪದ ಮೆರವಣಿಗೆಗೆ ಇಟ್ಟುಕೊಂಡರು. ಅದು ಫ್ರಾನ್ಸಿನದೋ, ಜರ್ಮನಿಯದೋ, ಅಮೆರಿಕದ್ದೋ? ಕೂತು ಕಟ್ಟಿದ ಆ ಇಬ್ಬರದು. ನಿಮ್ಮ ತಂದೆಯವರಿಗೂ ಹಾಗೇ ಹೇಳಿ.

ಕೆಳಮನೆಯವರ ವಿಷಯ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ದೀರಂತೆ. ಅದರಿಂದ ಸದ್ದು ಆಚೆ ಹೋಗುವುದು ನಿಲ್ಲುವುದಿಲ್ಲ. ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಇಳಿಯೋದು ನೆಲದ ಮೂಲಕ. ಸ್ಪೀಕರ್ ಅಡಿಗೆ ದಪ್ಪ ಫೋಮ್ ಇಡಿ, ಮೂಲೆಯಿಂದ ಈಚೆ ತನ್ನಿ. ಜರ್ಮನಿಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡಬಾರದ ಹೊತ್ತು, ಆಗ ಹೆಡ್‌ಫೋನ್ ಹಾಕಿಕೊಳ್ಳಿ. ಒಂದು ಸಂಜೆ ಅವರನ್ನೇ ಚಹಾಕ್ಕೆ ಕರೆದು ನಿಮ್ಮ ಕೆಲಸ ತೋರಿಸಿ.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಆ ತುಣುಕುಗಳ ಬಗ್ಗೆ. ನಿಮ್ಮ ತಾಯಿ ಜೋಳದ ರೊಟ್ಟಿ ಬಡಿಯುವ ಸದ್ದನ್ನು ಫೋನಿನಲ್ಲಿ ಹಿಡಿದು ತಾಳ ಮಾಡಿದ್ದೀರಿ. ಮೊದಲ ತುಣುಕಿನಲ್ಲಿ ಬಡಿತದ ನಡುನಡುವೆ ಬಳೆ ಸದ್ದಿದೆ. ರೊಟ್ಟಿ ತಿರುಗಿಸುವಾಗ ಕೈ ಒಂಚೂರು ತಡೆಯುತ್ತದೆ. ಎರಡನೆಯದರಲ್ಲಿ ಬಳೆಯನ್ನು ನಾಯ್ಸ್ ಅಂತ ಅಳಿಸಿದ್ದೀರಿ. ಬಡಿತಗಳನ್ನೆಲ್ಲ ಸಾಫ್ಟ್‌ವೇರಿನ ಗ್ರಿಡ್ಡಿಗೆ, ಅಂದರೆ ಸಮ ಅಂತರದ ತಾಳದ ಗೆರೆಗಳಿಗೆ, ಕೂರಿಸಿ ಸಮ ಮಾಡಿದ್ದೀರಿ. ಈಗ ಅದು ಯಾವ ಸಾಫ್ಟ್‌ವೇರಿನಲ್ಲಾದರೂ ಸಿಗುವ ಡ್ರಮ್. ಪೆರ್ರೆ ಮುಂದೊಮ್ಮೆ ಜೇನುನೊಣಗಳ ಗುಂಯ್ ಸದ್ದನ್ನೇ ಕತ್ತರಿಸಿ ಹಾಡು ಕಟ್ಟಿದರು. ಅವರು ಅಳೆದದ್ದು ತುಂಡಿನ ಉದ್ದವನ್ನು. ಒಳಗಿನ ಜೇನುನೊಣ ಜೇನುನೊಣವಾಗಿಯೇ ಉಳಿಯಿತು.

ದಯವಿಟ್ಟು ಆ ಬಳೆಯನ್ನು ವಾಪಸ್ ತನ್ನಿ. ಕೈ ತಡೆಯುವ ಆ ಚಣವೂ ಇರಲಿ, ಸಿಂಥಸೈಜರ್ ಅದಕ್ಕೆ ಕಾದು ಬರಲಿ. ಮುಗಿದ ಮೇಲೆ ಮೊದಲು ಧಾರವಾಡಕ್ಕೆ ಕಳಿಸಿ, ಆಮೇಲೆ ನಮಗೆ.

– ಸಂಪಾದಕ